ಮಿಕ್ಕ ತೀರ್ಥ

ತುಳಸಿ ಕೊಳೆತದ್ದರಿಂದ ಎಲ್ಲ ಶುರುವಾಯಿತು.

ಶಕ್ತಿನಗರದ ಆ ಫ್ಲ್ಯಾಟಿನ ಬಾಲ್ಕನಿಯಲ್ಲಿ ಇದ್ದದ್ದು ಒಂದೇ ಕುಂಡ. ಬೆಳಗಿನ ಪೂಜೆ ಮುಗಿಸಿ ಸತ್ಯವತಿ ಮಿಕ್ಕ ತೀರ್ಥವನ್ನು ಅದರ ಬುಡಕ್ಕೆ ಹೊಯ್ಯುತ್ತಿದ್ದರು. ಪೂಜೆ ಮಾಡಿ ಬದುಕಿದ ಮನೆತನ ಅವರದು. ತೀರ್ಥವನ್ನು ಸಿಂಕಿಗೆ ಚೆಲ್ಲುವುದುಂಟೇ? ಆದರೆ ದಿನಾ ಒಂದು ತಂಬಿಗೆ ನೀರು ಕುಡಿಯುವ ಶಕ್ತಿ ಆ ಒಂಟಿ ಗಿಡಕ್ಕಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಕಪ್ಪಾಗಿ ಬಾಗಿತು. ಮರುದಿನ ಸತ್ಯವತಿ ತಾಮ್ರದ ತಂಬಿಗೆ ಹಿಡಿದು ಚಾವಡಿಯ ನಡುವೆ ನಿಂತು ಅತ್ತಿತ್ತ ನೋಡಿದರು. ಆಮೇಲೆ, ತೀರಿಹೋದ ಮಗ ಸಾಕಿದ್ದ ಅಕ್ವೇರಿಯಮ್ಮಿನ ಮುಚ್ಚಳ ಸರಿಸಿ, ತುಟಿಯೊಳಗೇ ಏನೋ ಹೇಳಿಕೊಂಡು ನಿಧಾನಕ್ಕೆ ಹೊಯ್ದರು.

ಸೊಸೆ ಭಾರ್ಗವಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ನೋಡಿ ಸುಮ್ಮನಿದ್ದಳು.

ಅವಳು ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವಳು. ರಾತ್ರಿಯಿಡೀ ತಾಮ್ರದಲ್ಲಿ ನಿಂತ ನೀರಿನಲ್ಲಿ ಏನಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಈ ತೊಟ್ಟಿಗೆ ಏನು ಮಾಡುತ್ತದೆಂದು ಗಂಡ ವಿಭವನೇ ಹೇಳಿದ್ದ. ಒಮ್ಮೆ ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಎದ್ದಾಗ, ಅಂಗಡಿಯಿಂದ ತಂದ ನೀಲಿ ಔಷಧದ ಬಾಟಲಿಯನ್ನು ಓದಿ ನೋಡಿ ಅವನು ಹಿಂದಿರುಗಿಸಿ ಬಂದಿದ್ದ. "ಇದರಲ್ಲಿ ತಾಮ್ರ ಉಂಟು. ಮೀನು ಹೇಗೋ ತಡಕೊಳ್ತದೆ, ಅನಿಮನಿ ತಡಕೊಳ್ಳುವುದಿಲ್ಲ. ಒಮ್ಮೆ ತೊಟ್ಟಿಗೆ ಹಿಡಿದರೆ ಮತ್ತೆ ಬಿಡುವುದೂ ಇಲ್ಲ," ಎಂದಿದ್ದ.

ಅನಿಮನಿಯೆಂದರೆ ಅವನಿಗೆ ಜೀವ. ಹೂವಿನಂತೆ ಕಂಡರೂ ಅದು ಕಡಲಿನ ಪ್ರಾಣಿ. ತಂದ ಹೊಸತರಲ್ಲಿ ಅದು ಯಾವ ಜಾತಿಯದೆಂದು ಅವನಿಗೂ ಗೆಳೆಯ ಹಿಶಾಮ್‌ಗೂ ದೊಡ್ಡ ವಾದ ನಡೆದಿತ್ತು. ಮರಳಿನಲ್ಲಿ ಕಾಲೂರಿದರೆ ಒಂದು ಜಾತಿ, ಕಲ್ಲಿನ ಬಿರುಕಿನಲ್ಲಿ ಊರಿದರೆ ಇನ್ನೊಂದು. ಅದು ಎರಡು ದಿನ ತೊಟ್ಟಿಯೆಲ್ಲ ಅಲೆದು, ಒಂದು ಬಿರುಕು ಹುಡುಕಿ ಕಾಲಿಟ್ಟಿತು. ಬೆರಳಿನಂಥ ಎಸಳುಗಳ ತುದಿ ಪುಟ್ಟ ಗುಳ್ಳೆಗಳಂತೆ ಉಬ್ಬಿದವು. "ಬಬಲ್ ಟಿಪ್, ನಾನು ಹೇಳಲಿಲ್ವಾ?" ಎಂದು ವಿಭವ ಚಾವಡಿಯಲ್ಲಿ ಕುಣಿದಿದ್ದ. ಅದರ ಬಾಯಿಗೆ ಇಡುವ ಸಿಗಡಿ ಚೂರುಗಳನ್ನು ಹಿಶಾಮ್ ಐಸ್‌ಕ್ರೀಮ್ ಡಬ್ಬಿಯಲ್ಲಿ ತರುತ್ತಿದ್ದ, ಔಷಧವೆಂದು ಹೇಳಿ. ಫ್ರಿಜ್ಜಿನಲ್ಲಿದ್ದ ಆ ಡಬ್ಬಿಯನ್ನು ಸತ್ಯವತಿ ಮುಟ್ಟುತ್ತಲೂ ಇರಲಿಲ್ಲ, ಏನೆಂದು ಕೇಳುತ್ತಲೂ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ಎದೆನೋವೆಂದು ಕುರ್ಚಿಯಲ್ಲಿ ಕುಳಿತ ವಿಭವ ಮತ್ತೆ ಏಳಲಿಲ್ಲ. ತೊಟ್ಟಿ ಮಾತ್ರ ಗುಂಯ್‌ಗುಡುತ್ತಲೇ ಇತ್ತು. ಉಪ್ಪಿನ ಹದ, ನೀರಿನ ಬಿಸಿ, ನೀಲಿ ದೀಪ, ಆವಿಯಾದಷ್ಟಕ್ಕೆ ಶುದ್ಧ ನೀರು, ವಾರಕ್ಕೊಮ್ಮೆ ಸಿಗಡಿ: ಭಾರ್ಗವಿ ಎಲ್ಲವನ್ನೂ ತಪ್ಪದೆ ಮಾಡಿದಳು. ಕೊನೆಗಳಿಗೆಯಲ್ಲಿ ಅವನಿಗೆ ನೀರು ಕೊಡಲಾಗದ ಕೈ ಅವನ ಪ್ರಾಣಿಗೆ ನೀರು ಕೊಡುತ್ತಿತ್ತು. ಒಂದು ದಿನವಾದರೂ ಆ ಗುಂಯ್ ಎಂಬ ಸದ್ದಿಲ್ಲದ ಮನೆಯಲ್ಲಿ ಕೂರಬೇಕು ಅನ್ನಿಸುತ್ತಿತ್ತು. ಹಾಗೆಂದು ಯಾರ ಬಳಿ ಹೇಳುವುದು?

ಅದಕ್ಕೇ ಅತ್ತೆಯ ತಂಬಿಗೆಯನ್ನು ತಡೆಯಲಿಲ್ಲ. ಮಗ ಹೋದಮೇಲೆ ಅವರು ಮೊದಲ ಬಾರಿ ಒಂದು ಜೀವದ ಮುಂದೆ ನಿಂತು ಮಾತಾಡುತ್ತಿದ್ದಾರೆ, ಆಡಲಿ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಅದರ ಅಡಿಯಲ್ಲಿದ್ದದ್ದೂ ಅವಳಿಗೆ ಗೊತ್ತಿತ್ತು.

ಮೊದಲು ತೊಟ್ಟಿಯ ಗಾಜಿಗೆ ಅಂಟಿಕೊಂಡಿದ್ದ ಬಸವನಹುಳಗಳು ಸತ್ತವು. ಅವನ್ನು ಎತ್ತಿ ಕಾಗದದಲ್ಲಿ ಸುತ್ತಿ ಎಸೆದಳು. ಅನಿಮನಿಯ ಗುಳ್ಳೆಗಳು ಇಳಿದವು, ಕಂದು ಬಣ್ಣ ಬಿಳಿಚಿತು. ಅತ್ತೆ ದಿನಾ ಹೊಯ್ಯುತ್ತಿದ್ದರು.

ದಸರಾ ಕಳೆದ ಒಂದು ಬೆಳಿಗ್ಗೆ ಸತ್ಯವತಿ ಕೂಗಿದರು. "ಭಾರ್ಗವಿ, ಬಾ ಇಲ್ಲಿ. ನನ್ನ ಹೂವು ಮರಿ ಹಾಕಿದೆ ನೋಡು."

ಕಲ್ಲಿನ ಮೇಲೆ ಒಂದಿದ್ದಲ್ಲಿ ಎರಡಿದ್ದವು. ನಡುವೆ ಹರಿದ ಅಂಚು ಇನ್ನೂ ಹಸಿಯಾಗಿತ್ತು. ಕಂಗೆಟ್ಟಾಗ ಇವು ತಮ್ಮನ್ನು ತಾವೇ ಸೀಳಿಕೊಳ್ಳುತ್ತವೆ, ಒಂದು ಹೋದರೂ ಇನ್ನೊಂದು ಉಳಿಯಲಿ ಎಂದು, ಅಂತ ವಿಭವ ಹೇಳಿದ್ದ. ಸತ್ಯವತಿ ಆಗಲೇ ಕುದ್ರೋಳಿಯಲ್ಲಿರುವ ಅವನ ಗೆಳೆಯನಿಗೆ ಫೋನು ಮಾಡುತ್ತಿದ್ದರು. "ಹಿಶಾಮಾ, ಬಾ ಮಾರಾಯ. ಪಾಯಸ ಮಾಡ್ತೇನೆ."

ಸಂಜೆ ಹಿಶಾಮ್ ಬಂದ. ಚಪ್ಪಲಿ ಬಿಡುವಾಗಲೇ ಸತ್ಯವತಿ, "ನಿನ್ನ ಔಷಧ ತಂದಿಯಾ? ಈಗ ಎರಡು ಬಾಯಿ ಉಂಟು," ಎಂದರು.

"ನಿಮಗೆ ಮೊದಲಿಂದಲೂ ಗೊತ್ತಿತ್ತಾ, ಅಮ್ಮ?"

"ಔಷಧಕ್ಕೆ ಮೀಸೆ ಇರ್ತದಾ?" ಎಂದು ನಕ್ಕು ಅವರು ಪಾಯಸ ಬಡಿಸಲು ಒಳಗೆ ಹೋದರು.

ಹಿಶಾಮ್ ನಗುತ್ತಲೇ ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ನಗು ನಿಂತಿತು. ಅಂಗಿಯ ತೋಳು ಮಡಚಿ ನೀರಿಗೆ ಕೈ ಇಳಿಸಿ ಅನಿಮನಿಯನ್ನು ಬೆರಳಿನಿಂದ ಮುಟ್ಟಿದ. ಆರೋಗ್ಯದ ಅನಿಮನಿ ಬೆರಳಿಗೆ ಅಂಟಿಕೊಳ್ಳುತ್ತದೆ. ಇದು ಅಂಟಲಿಲ್ಲ. ಎರಡರ ಬಾಯಿಯೂ ತೆರೆದೇ ಇತ್ತು. ಕೈಯನ್ನು ಮೂಗಿಗೆ ಹಿಡಿದು ನೋಡಿದ.

"ನಾರುವುದಿಲ್ಲ. ಜೀವ ಉಂಟು," ಎಂದು ದನಿ ತಗ್ಗಿಸಿದ. "ಬಸವನಹುಳ ಒಂದೂ ಕಾಣುವುದಿಲ್ಲ. ಒಳಗೆ ಎಂತಾದರೂ ಬಿತ್ತಾ, ಭಾರ್ಗವಿ? ನಾಣ್ಯ, ತಂತಿ?"

"ತಾಮ್ರದ ತಂಬಿಗೆಯಲ್ಲಿ ನೀರು ಹಾಕ್ತಿದ್ದೆ," ಅಂದಳು ಭಾರ್ಗವಿ. "ನಾನೇ."

"ನೀನಾ?"

ಪಾಯಸದ ಲೋಟ ಹಿಡಿದು ಬಂದ ಸತ್ಯವತಿಗೆ ಕೊನೆಯ ಮಾತು ಕೇಳಿಸಿತ್ತು. "ಇವಳು ಎಲ್ಲಿ ಹಾಕ್ತಾಳೆ? ಹಾಕುವುದು ನಾನು. ದಿನಾ ದೇವರ ತೀರ್ಥ. ಇಲ್ಲದಿದ್ರೆ ಮರಿ ಆಗ್ತಿತ್ತಾ?"

ಹಿಶಾಮ್ ಲೋಟ ತೆಗೆದುಕೊಂಡ. ಕುಡಿಯಲಿಲ್ಲ. ಅದನ್ನು ಪಕ್ಕಕ್ಕಿಟ್ಟು, "ಅಮ್ಮ, ಈ ಬಲ್ಬು ಹಳತಾಯ್ತು. ಬೆಳಕು ಸಾಲುವುದಿಲ್ಲ. ಎರಡನ್ನೂ ಕಲ್ಲಿನ ಸಮೇತ ನನ್ನ ತೊಟ್ಟಿಗೆ ಕೊಂಡುಹೋಗ್ತೇನೆ, ಸ್ವಲ್ಪ ದಿನಕ್ಕೆ," ಎಂದ.

"ಬಲ್ಬು ಹೊಸತು ಹಾಕು. ಬಾಣಂತಿಯನ್ನು ಯಾರಾದ್ರೂ ಮನೆಯಿಂದ ಹೊರಗೆ ಕಳಿಸ್ತಾರಾ? ವಿಭವನ ಮನೆಯಲ್ಲಿ ಹುಟ್ಟಿದ್ದು ಇಲ್ಲೇ ಇರಲಿ. ನಾಳೆಯಿಂದ ಎರಡು ತಂಬಿಗೆ ಹಾಕ್ತೇನೆ."

ಹಿಶಾಮ್ ಭಾರ್ಗವಿಯ ಕಡೆ ನೋಡಿದ. ಇಂದು ಹೋದರೆ ಜೀವ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಅತ್ತೆ," ಎಂದಳು ಭಾರ್ಗವಿ. "ಅದು ಮರಿ ಅಲ್ಲ. ಸಾಯ್ಲಿಕ್ಕೆ ಹೆದರಿ ಹರಿದುಕೊಂಡದ್ದು. ತಾಮ್ರದಲ್ಲಿಟ್ಟ ನೀರು ಅದಕ್ಕೆ ವಿಷ."

ಸತ್ಯವತಿ ತೊಟ್ಟಿಯನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು. "ನನಗೆ ಗೊತ್ತಿರಲಿಲ್ಲ," ಎಂದರು.

"ಇಲ್ಲ. ನಿಮಗೆ ಗೊತ್ತಿರಲಿಲ್ಲ."

"ನಿನಗೆ?"

"ಗೊತ್ತಿತ್ತು. ಮೊದಲ ದಿನದಿಂದ."

"ನಾನು ಹೊಯ್ಯುವಾಗ ನೀನು ಅಲ್ಲೇ ನಿಂತಿರ್ತಿದ್ದಿ."

"ಹೌದು."

"ಎಂತಕ್ಕೆ ಹೇಳಲಿಲ್ಲ?"

ಭಾರ್ಗವಿಗೆ ಎಷ್ಟೋ ಒಳ್ಳೆಯ ಉತ್ತರಗಳು ಹೊಳೆದವು. "ಅದು ಸತ್ತುಹೋಗ್ಲಿ ಅಂತ ಇತ್ತು ನನಗೆ, ಅತ್ತೆ."

ಸತ್ಯವತಿ ಬೈಯಲಿಲ್ಲ. ಬಚ್ಚಲಿಗೆ ಹೋಗಿ ಪ್ಲಾಸ್ಟಿಕ್ ಬಕೆಟ್ ತಂದು ಹಿಶಾಮ್‌ನ ಮುಂದಿಟ್ಟು, "ಇದು ಆಗ್ತದಾ? ಇದರಲ್ಲಿ ತಾಮ್ರ ಇಲ್ಲ," ಎಂದರು. ಅವನು ಕಲ್ಲನ್ನು ಎತ್ತುವಾಗ ದೀಪ ಹಿಡಿದು ನಿಂತರು. ಅವನು ಹೊರಟಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾರೂ ಮುಟ್ಟದ ಪಾಯಸವನ್ನು ಭಾರ್ಗವಿ ಫ್ರಿಜ್ಜಿನಲ್ಲಿಟ್ಟಳು. ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ಮೀನು ಜೋಡಿ ಉಳಿದಿತ್ತು. ಮೊದಲು ಕಲ್ಲಿದ್ದ ಜಾಗದಲ್ಲಿ ಅವು ಮೈ ಉಜ್ಜಲು ನೋಡುತ್ತಿದ್ದವು. ಅಲ್ಲಿ ಬರೀ ನೀರಿತ್ತು.

ಬೆಳಿಗ್ಗೆ ಹಿಶಾಮ್‌ನ ಸಂದೇಶ ಬಂದಿತ್ತು. ಒಂದು ಕರಗಿತು. ಇನ್ನೊಂದು ಕಾಲೂರಿ ನಿಂತಿದೆ, ನೋಡುವಾ.

ಓದಿ ಮುಗಿಯುವಷ್ಟರಲ್ಲಿ ಒಳಗಿನಿಂದ ಪೂಜೆಯ ಗಂಟೆ ಕೇಳಿ ನಿಂತಿತು. ಸತ್ಯವತಿ ತಂಬಿಗೆ ಹಿಡಿದು ಹೊರಬಂದರು. ತೊಟ್ಟಿಯವರೆಗೆ ನಡೆದರು, ಅಭ್ಯಾಸಬಲದಿಂದ. ಅಲ್ಲೇ ನಿಂತರು. ಬಾಲ್ಕನಿಯ ಖಾಲಿ ಕುಂಡವನ್ನು ನೋಡಿದರು.

"ಒಂದು ಉಳಿದಿದೆಯಂತೆ," ಎಂದಳು ಭಾರ್ಗವಿ.

ಸತ್ಯವತಿ ಕುಂಡದಿಂದ ಕಣ್ಣು ತೆಗೆದರು. ಅವಳ ಮುಂದೆ ಬಂದು, "ಕೈ ಒಡ್ಡು," ಎಂದರು.

ಭಾರ್ಗವಿ ಬಲಗೈ ಒಡ್ಡಿದಳು. ಉದ್ಧರಣೆಯಲ್ಲಿ ಒಂದು ಪುಟ್ಟ ಚಮಚದಷ್ಟು ಬೀಳುತ್ತದೆಂದು ಅಂದುಕೊಂಡಿದ್ದಳು. ಸತ್ಯವತಿ ತಂಬಿಗೆಯನ್ನೇ ಬಾಗಿಸಿದರು. ಕುಡಿದಳು. ಮತ್ತೆ ತುಂಬಿದರು, ಮತ್ತೆ ಕುಡಿದಳು. ನೀರು ಮೊಣಕೈಯಿಂದ ಇಳಿದು ನೆಲಕ್ಕೆ ಬೀಳುತ್ತಿತ್ತು. ಸಾಕೆಂದು ಅತ್ತೆ ಹೇಳಲಿಲ್ಲ, ಅವಳೂ ಹೇಳಲಿಲ್ಲ. ತಂಬಿಗೆ ಬರಿದಾದಾಗ ಸತ್ಯವತಿ ತಮ್ಮ ಸೆರಗಿನಿಂದ ಅವಳ ಮೊಣಕೈ ಒರೆಸಿ, "ನಾಳೆಯಿಂದ ಬೆಳ್ಳಿ ಲೋಟದಲ್ಲಿಡ್ತೇನೆ, ಸಣ್ಣದು ಸಾಕು," ಎಂದು ಒಳಗೆ ಹೋದರು.

ನಾಲಗೆಯ ಮೇಲೆ ತಾಮ್ರದ ರುಚಿ ಉಳಿದಿತ್ತು.