ಜಾಲಿ ಮರದ ಬ್ಯಾಟು

೨೦೦೪ರಲ್ಲಿ ನಂಜನಗೂಡಿನ ಒಂದು ಪಿಯು ಕಾಲೇಜಿನಲ್ಲಿ ಹುಡುಗಿಯರ ಬೇಸ್‌ಬಾಲ್ ತಂಡ ಕಟ್ಟಿದವರು ದೈಹಿಕ ಶಿಕ್ಷಕಿ ಸರ್ವಮಂಗಳಾ. ಕಾಲೇಜಿಗಿದ್ದದ್ದು ಒಂದೇ ಅಲ್ಯೂಮಿನಿಯಂ ಬ್ಯಾಟು. ಅದನ್ನು ಮ್ಯಾಚಿಗೆಂದು ಬೀರುವಿನಲ್ಲಿಟ್ಟು, ಅಭ್ಯಾಸಕ್ಕೆ ಬಡಗಿಯಿಂದ ಜಾಲಿ ಮರದ್ದೊಂದು ಮಾಡಿಸಿದ್ದರು.

ಹೆಡತಲೆ ಎಂಬ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಶಾಲಿನಿಗೆ ಆ ಮರದ ಬ್ಯಾಟು ಕಂಡರಾಗದು. ಚೆಂಡು ದಪ್ಪ ಭಾಗದ ನಡುವೆ ತಗುಲಿದರೆ ಸರಿ, ಒಂಚೂರು ಆಚೀಚೆಯಾದರೂ ಅಂಗೈಯಿಂದ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಜವಳಿ ಅಂಗಡಿಯವರ ಮಗಳು ನಯನ ಮಾತ್ರ ಮೈಸೂರಿನಿಂದ ತರಿಸಿಕೊಂಡ ಸ್ವಂತ ಅಲ್ಯೂಮಿನಿಯಂ ಬ್ಯಾಟು ಬೀಸುತ್ತಿದ್ದಳು. ಎಲ್ಲಿ ತಗುಲಿದರೂ ಟಣ್ಣೆಂದು ಚೆಂಡು ದೂರ ಹೋಗುತ್ತಿತ್ತು.

"ನಂಗೂ ಅಂತದ್ದೇ ಕೊಡಿ ಮೇಡಂ, ಕೈ ಉರೀತದೆ," ಎಂದಳು ಶಾಲಿನಿ.

"ಉರೀಲಿ. ತಪ್ಪಾಗಿ ಹೊಡೆದ್ರೆ ಮರದಲ್ಲಿ ತಕ್ಷಣ ಗೊತ್ತಾಗುತ್ತೆ. ಅಲ್ಯೂಮಿನಿಯಂನಲ್ಲಿ ಗೊತ್ತೇ ಆಗಲ್ಲ ಕಣೇ."

ಎರಡು ತಿಂಗಳಾದ ಮೇಲೆ ಟಿ. ನರಸೀಪುರದ ಕಾಲೇಜಿನ ಜೊತೆ ಒಂದು ಸ್ನೇಹದ ಮ್ಯಾಚು. ಕೊನೆಯ ಸರದಿ, ಆಗಲೇ ಇಬ್ಬರು ಔಟು, ಮೂರನೆಯವಳು ಔಟಾದರೆ ಆಟ ಮುಗಿದಂತೆ; ಗೆಲ್ಲಲು ಇನ್ನೆರಡು ರನ್ ಬೇಕು. ನಯನ ಎರಡನೇ ಬೇಸಿನಲ್ಲಿ ನಿಂತಿದ್ದಳು. ಶಾಲಿನಿ ಕಾಲೇಜಿನ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದಳು. ಹಗುರ ಬ್ಯಾಟು, ಕೈ ಚೆಂಡಿಗಿಂತ ಮೊದಲೇ ಓಡಿತು. ಎರಡು ಸಲ ಬೀಸಿದಳು, ಎರಡೂ ಗಾಳಿಗೆ. ಇನ್ನೊಂದು ತಪ್ಪಿದರೆ ಔಟು.

ಅವಳು ಗೆರೆಯ ಹತ್ತಿರ ಬಂದು ಕೇಳಿದಳು. "ಮೇಡಂ, ಮರದ್ದು ತಂದಿದ್ದೀರಾ?"

ಸರ್ವಮಂಗಳಾ ಚೀಲದಿಂದ ತೆಗೆದರು. ಬಡಗಿ ಮಾಡಿದ ಬ್ಯಾಟು ನೋಡಿ ಅಂಪೈರು ಅನುಮಾನಿಸಿದರು. ಆಗ ನರಸೀಪುರದ ಕೋಚು ಗಂಗಾಧರಸ್ವಾಮಿ ನಕ್ಕು, "ಆಡ್ಲಿ ಬಿಡಿ ಸಾ, ಕೋಲೊಂದೇ ಅಲ್ವಾ ಬೇರೆ, ಕೈ ಅದೇ," ಅಂದರು.

ಈ ಸಲ ಶಾಲಿನಿ ಚೆಂಡು ಹತ್ತಿರ ಬರುವವರೆಗೂ ಕಾದಳು. ದಬ್ಬೆಂದು ಮಂದವಾದ ಸದ್ದು. ಕೈ ಜುಮ್ಮೆನ್ನಲಿಲ್ಲ. ಚೆಂಡು ಇಬ್ಬರು ಫೀಲ್ಡರುಗಳ ನಡುವೆ ನುಸುಳಿ ಬೇಲಿ ಮುಟ್ಟಿತು, ನಯನ ಓಡಿ ಬಂದು ಒಂದು ರನ್ ತಂದಳು. ಮುಂದಿನ ಹುಡುಗಿ ಔಟಾದಳು, ಮ್ಯಾಚು ಸಮವಾಯಿತು.

ವಾಪಸು ಬಸ್ಸಿನಲ್ಲಿ ಸರ್ವಮಂಗಳಾ ಜಿಲ್ಲಾ ಆಯ್ಕೆಗೆ ಇಬ್ಬರ ಹೆಸರು ಹೇಳಿದರು: ನಯನ, ಶಾಲಿನಿ. "ಅಲ್ಲಿ ಅವರು ಕೊಟ್ಟ ಅಲ್ಯೂಮಿನಿಯಂ ಬ್ಯಾಟಲ್ಲೇ ಆಡ್ಬೇಕು."

"ಅಂಗಾದ್ರೆ ನಂಗಾಗಲ್ಲ ಮೇಡಂ."

"ಯಾಕಾಗಲ್ಲ? ನನ್ನದು ತಗೋ, ರೂಢಿಯಾಗ್ತದೆ," ಎಂದಳು ನಯನ. "ನಂಗೆ ಮರದ್ದು ಕೊಡು. ನಿನ್ನಂಗೆ ಕಾಯೋದು ನಂಗೆ ಬರಲ್ಲ."

ಹದಿನೈದು ದಿನ ಇಬ್ಬರೂ ಬ್ಯಾಟು ಅದಲುಬದಲು ಮಾಡಿಕೊಂಡು ಅಭ್ಯಾಸ ಮಾಡಿದರು.

ಆಯ್ಕೆಯಾದ ಮಧ್ಯಾಹ್ನ ಶಾಲಿನಿ ಎಸ್‌ಟಿಡಿ ಬೂತಿನಿಂದ ಊರಿನ ಪಕ್ಕದ ಮನೆಗೆ ಫೋನ್ ಮಾಡಿ ತಾಯಿ ಕೆಂಪಾಜಮ್ಮನನ್ನು ಕರೆಸಿದಳು.

"ಅವ್ವಾ, ನಾನೂ ನಯನಾನೂ ಜಿಲ್ಲಾ ಟೀಮ್ಗೆ ಸೇರಿದ್ವಿ. ಆಟ ಆಡಕ್ಕೆ ತುಮ್ಕೂರ್ಗೆ ಓಗ್ಬೇಕು, ನಾಕು ದಿನ."

ಕೆಂಪಾಜಮ್ಮ ಕೇಳಿದಳು. "ಒಟ್ಟು ಎಷ್ಟು ಜನ ಉಡುಗೀರು ಓಯ್ತಿದ್ದೀರವ್ವ?"

"ಅದಿನಾರು."

"ಸರಿ. ಚಟ್ನಿಪುಡಿ ಜಾಸ್ತೀನೇ ಮಾಡ್ತೀನಿ, ಎಲ್ರಿಗೂ ಆಗ್ಲಿ."