ಲೆಕ್ಕಕ್ಕಿಲ್ಲದ ಕೋಣೆ

ಕಪಾಟು ಕೂರಿಸಲು ಗೋಡೆಗೆ ಇಟ್ಟ ಡ್ರಿಲ್ಲು ಒಮ್ಮೆಲೇ ಒಳಗೆ ನುಗ್ಗಿಬಿಟ್ಟಿತು. ಬಡಗಿ ಗಾಬರಿಯಾಗಿ ಕೈ ಎಳೆದುಕೊಂಡ. “ಅಕ್ಕಾ, ಇದರ ಹಿಂದೆ ಖಾಲಿ ಇದೆ ಕಣ್ರೀ!”

“ಖಾಲಿನಾ,” ಎಂದಳು ಅವಳು, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಗಂಡ ತೀರಿಹೋದ ಮೇಲೆ ಅವಳದು ಹೀಗೇ. ಅಳುವೂ ಇಲ್ಲ, ಸಿಟ್ಟೂ ಇಲ್ಲ. ಅವನು ಮುಂಗಡ ಕೊಟ್ಟಾಗಿತ್ತಲ್ಲ ಎಂದು ಮನೆ ಕೊಂಡಳು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು, ಅಷ್ಟೆ.

ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯನ್ನು ಯಂತ್ರವೂ ಬಟ್ಟೆಯ ಗಂಟುಗಳೂ ನುಂಗಿದ್ದವು. ಅತ್ತೆ ಒಲೆಯ ಪಕ್ಕ ಮುದುಡಿ ಮಲಗುತ್ತಿದ್ದರು. “ಅಮ್ಮನಿಗೆ ಇಲ್ಲಿ ಕಾಲು ಚಾಚೋಕೂ ಜಾಗ ಇಲ್ಲ, ನಾನೇ ಕರಕೊಂಡು ಹೋಗ್ತೀನಿ” ಎಂದು ಭಾವ ಹೇಳಿದಾಗ ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅತ್ತೆಗೆ ಹೋಗಲು ಎಳ್ಳಷ್ಟೂ ಮನಸ್ಸಿರಲಿಲ್ಲ. ದೊಡ್ಡ ಸೊಸೆಯ ಬಾಯಿ ಎಂಥದೆಂದು ಗೊತ್ತಲ್ಲ! ಆದರೂ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿಕೊಂಡಿದ್ದರು. ಇವತ್ತು ಭಾವ ಬಂದಿದ್ದರು, ಬಾಡಿಗೆ ಕಾರು ಹೊರಗೆ ಕಾಯುತ್ತಿತ್ತು.

ಬಡಗಿಯೂ ಭಾವನೂ ಸೇರಿ ಇಟ್ಟಿಗೆ ಕಿತ್ತರು. ಒಳಗೆ ಒಂದು ಉದ್ದನೆಯ ಕೋಣೆ, ಕೊನೆಯಲ್ಲಿ ಕಿಟಕಿ. ಹಿಂದಿನ ಓಣಿಯಿಂದ ಆ ಕಿಟಕಿಯನ್ನು ಎಲ್ಲರೂ ನೋಡಿದ್ದರು, ಪಕ್ಕದ ಮನೆಯದು ಅಂದುಕೊಂಡಿದ್ದರು. ಭಾವ ಮನೆ ಮಾರಿದವನಿಗೆ ಫೋನು ಹಚ್ಚಿದರು.

“ಅಯ್ಯೋ, ಅದಾ!” ಆ ಕಡೆಯಿಂದ ಗಹಗಹಿಸಿ ನಗು. “ಪಾಲಾಗುವಾಗ ಆ ಕೋಣೆ ನನಗೆ ಸಿಗಬಾರದು ಅಂತ ತಮ್ಮ, ಅವನಿಗೆ ಸಿಗಬಾರದು ಅಂತ ನಾನು. ಕೊನೆಗೆ ಯಾರಿಗೂ ಬೇಡ ಅಂತ ಗೋಡೆ ಎಬ್ಬಿಸಿ ಮರೆತೇಬಿಟ್ವಿ. ಇಡೀ ಮನೆಯ ಕ್ರಯಪತ್ರಕ್ಕೆ ಇಬ್ಬರೂ ಸಹಿ ಹಾಕಿದೀವಲ್ಲ, ಅದೂ ನಿಮ್ಮದೇ!”

“ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನೋದು ಇದಕ್ಕೇ ನೋಡು,” ಭಾವ ಹಿಗ್ಗಿದರು. “ಓಣಿ ಕಡೆ ಬಾಗಿಲಿಟ್ಟು ಬಾಡಿಗೆಗೆ ಕೊಡಮ್ಮ. ಅದೃಷ್ಟ ಅಂದ್ರೆ ನಿಂದು!” ಅಂದವರೇ ನಾಲಿಗೆ ಕಚ್ಚಿಕೊಂಡರು.

ಅವನಿದ್ದಿದ್ದರೆ ಕುಣಿದಾಡಿಬಿಡುತ್ತಿದ್ದ ಅನ್ನಿಸಿತು ಅವಳಿಗೆ. ಅನ್ನಿಸಿತು ಅಷ್ಟೆ, ಎದೆಯಲ್ಲಿ ಏನೂ ಅಲ್ಲಾಡಲಿಲ್ಲ.

ಅತ್ತೆ ಇಟ್ಟಿಗೆ ದಾಟಿ ಒಳಗೆ ಬಂದು ಕಿಟಕಿಯ ಚಿಲಕ ತೆಗೆದರು. “ಗಾಳಿ ಚೆನ್ನಾಗಿ ಬರುತ್ತೆ. ಬಾಡಿಗೆಗೆ ಬರೋರು ಪುಣ್ಯವಂತರು,” ಎಂದು ಸೆರಗಿನಿಂದ ಕೈ ಒರೆಸಿಕೊಂಡರು. “ನಡಿಯಪ್ಪಾ, ಕಾರಿನವನು ಕಾಯ್ತಿದ್ದಾನೆ.”

“ಅತ್ತೆ,” ಎಂದಳು ಅವಳು. “ಕಿಟಕಿ ಕಡೆ ತಲೆ ಹಾಕಿ ಮಲಗಿದ್ರೆ ಬೆಳಗ್ಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಾ ನಿಮಗೆ?”

ಭಾವ ಇಬ್ಬರ ಮುಖವನ್ನೂ ನೋಡಿದರು.

“ಈ ಕಡೆ ಹಾಕ್ಕೋತೀನಿ ಬಿಡು,” ಎಂದರು ಅತ್ತೆ ಕೊನೆಗೆ. ಒಡೆದ ಗೋಡೆಯ ಕಡೆ ಕೈ ತೋರಿಸಿದರು. “ನಿನ್ನ ಮಿಷಿನ್ ಸದ್ದು ಕೇಳಿಸ್ತಿರುತ್ತೆ.”

ಭಾವ ಕಾರನ್ನು ವಾಪಸು ಕಳಿಸಲು ಹೊರಗೆ ಹೋದರು. ಅತ್ತೆ ಬಗ್ಗಿ ಎರಡು ಇಟ್ಟಿಗೆಗಳನ್ನು ಒಟ್ಟಿಗೇ ಎತ್ತಿಕೊಂಡರು. ಅವಳು ಮಾತಿಲ್ಲದೆ ಹೋಗಿ ಒಂದನ್ನು ಅವರ ಕೈಯಿಂದ ತೆಗೆದುಕೊಂಡಳು.