ಶಾಂತಾರಾಮ ಮಾತ್ರೆ ನುಂಗಿದ್ದ

೧

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟ್ ಸೊಳ್ಳೆಯಿಂದ ಶುರುವಾಗಿತ್ತು. ಮಲೇರಿಯಾದ ಕಥೆ ಅಂದಮೇಲೆ ಸೊಳ್ಳೆ ಬೇಡವೇ ಎಂದು ಅದರ ರೆಕ್ಕೆ, ಅದರ ಹಸಿವು ಅಂತೆಲ್ಲ ಒಂದೂವರೆ ಪುಟ ಬರೆದು ಹರಿದೆ. ಎರಡನೆಯದು ಕಡಲಿನಿಂದ. (ಕಾರವಾರದಲ್ಲಿ ಕೂತು ಬರೆಯುವವರೆಲ್ಲ ಕಡಲಿನಿಂದಲೇ ಶುರು ಮಾಡುತ್ತಾರೆ, ಓದುಗರು ಎರಡನೇ ಸಾಲಿಗೇ ಆಕಳಿಸುತ್ತಾರೆ.) ಮೂರನೆಯದು ಒಂದು ಲಕೋಟೆಯಿಂದ ಶುರುವಾಯಿತು. ಅದು ಸುಳ್ಳೇನಲ್ಲ. ಆದರೆ ಆ ಲಕೋಟೆ ಬರುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿಹೋಗಿತ್ತು.

ಹಾಗಾಗಿ ಈ ಸಲ, ಮೂರು ಡ್ರಾಫ್ಟುಗಳಲ್ಲೂ ನಾನು ತಪ್ಪಿಸಿಕೊಂಡು ಬಂದ ಜಾಗದಿಂದ ಶುರು ಮಾಡುತ್ತೇನೆ. ಅದು ಅಂಕೋಲೆಯ ಕಡಲ ಬದಿಯ ಒಂದು ಸಣ್ಣ ಆಸ್ಪತ್ರೆಯ ಜಗಲಿ. (ಊರಿನ ಹೆಸರು ಕೇಳಬೇಡಿ. ತಪ್ಪು ಆಸ್ಪತ್ರೆಯದ್ದಲ್ಲ, ನನ್ನದು.)

೨

ನಾನು ಅಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಈಗ ನಿವೃತ್ತ. ಕಾರವಾರದ ಹಬ್ಬುವಾಡದಲ್ಲಿ ಮನೆ, ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ಕಥೆ. ಇಪ್ಪತ್ತೊಂಬತ್ತು ವರ್ಷ ಜನರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಆಸ್ಪತ್ರೆಯಲ್ಲಿ ಡಾಕ್ಟರಲ್ಲದ ಗಂಡಸರೆಲ್ಲ ಆ ಊರಿಗೆ ‘ಮಾಸ್ತರರು’. ನಾನೂ ಒಬ್ಬ ಮಾಸ್ತರ.

ಶಾಂತಾರಾಮ ಮೊದಲು ಬಂದದ್ದು ನಾಲ್ಕು ವರ್ಷದ ಹಿಂದಿನ ಅಕ್ಟೋಬರಿನಲ್ಲಿ. ಬೋಟಿನಲ್ಲಿ ಬಲೆ ಎಳೆಯುವ ಕೆಲಸ. ದಕ್ಷಿಣದ ಯಾವುದೋ ಬಂದರಿನಲ್ಲಿ ಎರಡು ತಿಂಗಳು ದುಡಿದು, ಚಳಿಜ್ವರ ಹೊತ್ತು ಮನೆಗೆ ಬಂದಿದ್ದ. ಅವನನ್ನು ಕರೆತಂದವಳು ಹೆಂಡತಿ ಹೀರಾ, ಮೀನು ಮಾರುವವಳು. ಗಾಜಿನ ಮೇಲೆ ಅವನ ರಕ್ತಕಣಗಳ ಒಳಗೆ ಸಣ್ಣ ಸಣ್ಣ ಉಂಗುರ ಕಂಡವು: ಫಾಲ್ಸಿಪೆರಮ್, ಮಲೇರಿಯಾದಲ್ಲಿ ಜೀವ ತೆಗೆಯುವ ಜಾತಿ.

ಅದಕ್ಕೆ ಮೂರು ದಿನದ ಮಾತ್ರೆಯ ಒಂದು ಪಾಕೀಟು. ಒಳಗೆ ಎರಡು ಮದ್ದು. ಒಂದು ಮೂರು ದಿನವೂ ನುಂಗುವಂಥದ್ದು, ಬೇಗ ಹೊಡೆಯುತ್ತದೆ. ಇನ್ನೊಂದು ಮೊದಲ ದಿನವೇ ಒಮ್ಮೆಗೆ ನುಂಗುವಂಥದ್ದು, ಉಳಿದುಕೊಂಡದ್ದನ್ನು ನಿಧಾನವಾಗಿ ಗುಡಿಸುತ್ತದೆ. ಮೊದಲ ದಿನದ್ದನ್ನು ಅವನು ನನ್ನೆದುರೇ ನುಂಗಿದ. ನೀರಿನ ಲೋಟ ಕೊಟ್ಟವನು ನಾನೇ.

ಹದಿನೆಂಟು ದಿನ ಕಳೆದು ಅವನು ಮತ್ತೆ ಬಂದ. ಮತ್ತೆ ಜ್ವರ, ಮತ್ತೆ ಉಂಗುರಗಳು.

೩

“‘ಮಾತ್ರೆ ಪೂರ್ತಿ ತಗೊಂಡಿದ್ದೀಯಾ ಶಾಂತಾರಾಮ?’ ಎಂದು ನಾನು ಮೆತ್ತಗೆ ಕೇಳಿದೆ. ಹೌದೆಂದ. ನನಗೆ ಯಾಕೋ ಅನುಮಾನವಾಯಿತು. ಅನುಮಾನವನ್ನು ರಿಜಿಸ್ಟರಿನಲ್ಲಿ ಬರೆದೆ.”

(ಇದು ಮೂರನೇ ಡ್ರಾಫ್ಟಿನ ಸಾಲು. ಕಳೆದ ತಿಂಗಳು ಇದನ್ನು ಹೀರಾಳ ಮನೆಗೇ ಒಯ್ದು ಅವಳೆದುರು ಓದಿದೆ. ಅಚ್ಚಿಗೆ ಕೊಡುವ ಮೊದಲು ಅನುಮತಿ ಕೇಳಲು ಹೋದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಏನೆಂದರೆ, ಎರಡು ವರ್ಷದಿಂದ ಹೇಳಬೇಕಾಗಿದ್ದ ಒಂದು ಮಾತನ್ನು ನೇರ ಹೇಳುವ ಧೈರ್ಯವಿರಲಿಲ್ಲ; ಕಥೆಯೊಳಗೆ ಸುತ್ತಿ ಕೊಡಬಹುದು ಅಂದುಕೊಂಡಿದ್ದೆ.)

೪

ಹೀರಾ ಅಂಗಳದಲ್ಲಿ ಒಣಮೀನು ಆರಿಸುತ್ತ ಕೇಳುತ್ತಿದ್ದಳು. ‘ಮೆತ್ತಗೆ’ ಎಂಬಲ್ಲಿ ಕೈ ನಿಲ್ಲಿಸಿದಳು.

“ನೀವು ಮೆತ್ತಗೆ ಕೇಳ್ಲಿಲ್ಲ, ಮಾಸ್ತರ್ರೆ.”

“ಮತ್ತೆ ಹ್ಯಾಗೆ ಕೇಳಿದೆ?”

“ಜಗಲಿ ತುಂಬಾ ನಮ್ಮ ಕೇರಿ ಜನ ಇದ್ದಿದ್ರು. ‘ಗುಳಿಗೆ ಕಡಲಿಗೆ ಒಗ್ದು ಶೆರೆ ಕುಡ್ದಿ, ಈಗ ಸರ್ಕಾರದ ಮದ್ದು ಸಮಾ ಇಲ್ಲ ಹೇಳೂಕೆ ಬಂದ್ಯಾ’ ಅಂದ್ರಿ. ನಾ ಖಾಲಿ ಪಾಕೀಟು ತಂದು ತೋರ್ಸಿದೆ. ‘ಪಾಕೀಟು ಖಾಲಿ ಮಾಡೂಕೆ ಯಾರಿಗೂ ಬತ್ತದೆ’ ಅಂದ್ರಿ.”

ಅಂದಿದ್ದೆ. ಶಬ್ದಕ್ಕೆ ಶಬ್ದ ಹಾಗೇ ಅಂದಿದ್ದೆ. (ನನ್ನ ಪರವಾಗಿ ಒಂದು ಪ್ಯಾರಾ ಇತ್ತು ಇಲ್ಲಿ: ಎರಡನೇ ದಿನಕ್ಕೇ ಜ್ವರ ಇಳಿಯಿತೆಂದು ಮಾತ್ರೆ ಬಿಡುವವರ ಬಗ್ಗೆ, ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಅನುಮಾನ ಎಷ್ಟು ಸಲ ನಿಜವಾಗಿತ್ತು ಎಂಬುದರ ಬಗ್ಗೆ. ಹೊಡೆದು ಹಾಕಿದ್ದೇನೆ. ಚೆನ್ನಾಗಿಯೇ ಬರೆದಿದ್ದೆ, ಅದೇ ನಾಚಿಕೆ.)

ರಿಜಿಸ್ಟರಿನಲ್ಲಿ ನಾನು ಬರೆದದ್ದು ಅನುಮಾನವಲ್ಲ, ತೀರ್ಪು: ‘ಔಷಧ ಪೂರ್ತಿ ಸೇವಿಸಿಲ್ಲ.’ ಡಾಕ್ಟರರು ಅದನ್ನು ಓದಿ ಅದೇ ಪಾಕೀಟನ್ನು ಮತ್ತೊಮ್ಮೆ ಬರೆದರು. ‘ಪೂರ್ತಿ ಸೇವಿಸಿದ್ದಾನೆ, ಆದರೂ ಮರುಕಳಿಸಿದೆ’ ಎಂದು ಬರೆದಿದ್ದರೆ ಬೇರೆ ಮದ್ದು ಕೊಡಬೇಕಿತ್ತು. ಬೇರೆ ಮದ್ದು ಕಾರವಾರದಲ್ಲಿತ್ತು. ತರಿಸಲು ಒಂದು ಫೋನು ಸಾಕಿತ್ತು.

ಮೂರನೇ ಸಲ ಜ್ವರ ಬಂದಾಗ ಶಾಂತಾರಾಮ ಆಸ್ಪತ್ರೆಗೆ ಬರಲೇ ಇಲ್ಲ.

“ಆ ಜಗಲಿ ಮೇಲೆ ಮತ್ತೆ ನಿಲ್ಲೂದಿಲ್ಲ ಅಂದಾ,” ಎಂದಳು ಹೀರಾ. “ಐದು ದಿನ ಕಂಬಳಿ ಹೊದ್ಕಂಡು ಮಲಗ್ದ. ಆರನೇ ದಿನ ಮಾತು ತೊದಲ್ತು, ನನ್ನ ಗುರ್ತು ಸಿಕ್ಲಿಲ್ಲ. ಕಾರವಾರಕ್ಕೆ ಒಯ್ದೆವು. ಎರಡು ದಿನ ಇದ್ದಾ.”

ಇಷ್ಟು ನನಗೆ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ.

“ನೀವು ಹೇಳ್ದ ಮೇಲೆ ನಾನೂ ನಂಬ್ಲಿಲ್ಲ ಮಾಸ್ತರ್ರೆ. ಓದಿದವ್ರು ಸುಳ್ಳು ಹೇಳ್ತ್ರಾ ಅಂದ್ಕಂಡೆ. ಗುಳಿಗೆ ಎಲ್ಲಿ ಒಗ್ದಾ ಅಂತ ಚಾಪೆ ಎತ್ತಿ ನೋಡ್ದೆ, ತೆಂಗಿನ ಬುಡ ಕೆದಕ್ದೆ. ಸಿಕ್ಲಿಲ್ಲ. ಕಡಲಿಗೇ ಒಗ್ದಿರ್ಬೇಕು ಅಂತ ಮಾತೇ ಬಿಟ್ಟೆ. ಆ ಐದು ದಿನ ಗಂಜಿ ತಂದು ಇಡೂದು, ಎದ್ದು ಬರೂದು, ಅಷ್ಟೆ.”

ಅವಳು ಮತ್ತೆ ಮೀನಿಗೆ ಕೈ ಹಾಕಿದಳು. ನಾನು ಕೈಯಲ್ಲಿದ್ದ ಹಾಳೆಗಳನ್ನು ಮಡಚಿ, ಲಕೋಟೆಯ ವಿಷಯ ಬಾಯಲ್ಲೇ ಹೇಳಿದೆ.

೫

(ಓದುಗರೇ, ವಿಜ್ಞಾನ ಇಲ್ಲಿ ಬರುತ್ತದೆ. ಎದ್ದು ಹೋಗಬೇಡಿ, ಚಿಕ್ಕದಾಗಿ ಮುಗಿಸುತ್ತೇನೆ.)

ಎರಡನೇ ಸಲ ಬಂದ ದಿನ ಶಾಂತಾರಾಮನ ಮೂರು ಹನಿ ರಕ್ತವನ್ನು ಸೋಸು ಕಾಗದದ ಮೇಲೂ ಬೀಳಿಸಿ ಒಣಗಿಸಿದ್ದೆ. ಯಾವುದೋ ಸಂಶೋಧನೆಯವರು ಕೇಳಿದ್ದರು. ಹೆಸರಿಲ್ಲ, ಬರೀ ನಂಬರು. ಒಂದೂವರೆ ವರ್ಷದ ಮೇಲೆ ಅದರ ರಿಪೋರ್ಟ್ ಆ ಲಕೋಟೆಯಲ್ಲಿ ಬಂತು. ನಂಬರು ಯಾರದೆಂದು ನನ್ನ ಡೈರಿಯಲ್ಲಿತ್ತು.

ಮಲೇರಿಯಾದ ಪರಾವಲಂಬಿ ಜೀವಿಗೂ ಜೀನುಗಳಿವೆ. ಅದರ ಒಂದು ಜೀನು ಒಂದು ಕಿಣ್ವವನ್ನು ಕಟ್ಟುತ್ತದೆ. ಆ ಕಿಣ್ವ ಇಲ್ಲದೆ ಆ ಜೀವಿ ಒಂದು ಎರಡಾಗಲಾರದು. ಪಾಕೀಟಿನ ಎರಡನೇ ಮದ್ದು ಹೋಗಿ ಕೂರುವುದು ಆ ಕಿಣ್ವದ ಒಂದು ಸಂದಿಯಲ್ಲಿ, ಕೂತು ಕೆಲಸ ನಿಲ್ಲಿಸುತ್ತದೆ. ಜೀನಿನ ಸಾವಿರಾರು ಅಕ್ಷರಗಳ ನಡುವೆ ಒಂದೇ ಒಂದು ಅಕ್ಷರ, ‘ಜಿ’ ಇರುವಲ್ಲಿ ‘ಎ’ ಬಂದರೆ, ಆ ಸಂದಿಯ ಆಕಾರ ಬದಲಾಗುತ್ತದೆ. ಮದ್ದಿಗೆ ಸರಿಯಾಗಿ ಕೂರಲು ಆಗುವುದಿಲ್ಲ. ಇಂಥ ಬದಲಾವಣೆ ಮೂರು ನಾಲ್ಕು ಕೂಡಿಬಿಟ್ಟರೆ ಮದ್ದು ಹೆಚ್ಚುಕಡಿಮೆ ನೀರು. ಶಾಂತಾರಾಮನ ರಕ್ತದಲ್ಲಿದ್ದದ್ದಕ್ಕೆ ಐದು ಕೂಡಿದ್ದವು.

ಅಂದರೆ ಸೋತದ್ದು ಮನೆಯಲ್ಲಿ ನುಂಗಬೇಕಾಗಿದ್ದ ಮಾತ್ರೆಗಳಲ್ಲ. ನನ್ನೆದುರು, ನಾನು ಕೊಟ್ಟ ನೀರಿನಲ್ಲಿ, ಮೊದಲ ದಿನ ಅವನು ನುಂಗಿದ ಮಾತ್ರೆ.

ಆ ಕಾಗದವನ್ನು ಎರಡು ವರ್ಷ ಕಪಾಟಿನಲ್ಲಿಟ್ಟೆ. ನಡುವೆ ನಿವೃತ್ತನಾದೆ. ಶಾಲು ಹೊದಿಸಿದರು, ಭಾಷಣದಲ್ಲಿ ‘ಜನಾನುರಾಗಿ’ ಎಂದರು.

೬

ಹೀರಾಳಿಗೆ ನಾನು ಬೀಗ, ಕೀಲಿ ಎಂದೆಲ್ಲ ವಿವರಿಸಿದೆ. ಅವಳು ಒಂದು ಮೀನು ಬುಟ್ಟಿಗೆ ಹಾಕಿ ಕೇಳಿದಳು: “ಬಲೆ ಕಣ್ಣಿಂದ ಸಣ್ಣ ಮೀನು ತಪ್ಪಿಸ್ಕಂಡು ಹೋತದಲ್ಲ, ಹಂಗಾ?”

“ಸುಮಾರು ಹಾಗೇ. ಆದರೆ ಬಲೆ ಮೊದಲಿನದ್ದೇ. ಮೀನು ಬದಲಾದದ್ದು.”

“ಸಿಕ್ಕದ್ದು ಸತ್ತು ಹೋತದೆ. ತಪ್ಪಿಸ್ಕಂಡದ್ದು ಮರಿ ಹಾಕ್ತದೆ. ಆಮೇಲೆ ಬರೀ ಅಂಥದ್ದೇ ಆತದೆ.”

ನಾನು ಅರ್ಧ ಪುಟದಲ್ಲಿ ಹೇಳಲಾಗದ್ದನ್ನು ಅವಳು ಮೂರು ಸಾಲಿನಲ್ಲಿ ಹೇಳಿದ್ದಳು. (ಕದ್ದು ನನ್ನ ಹೆಸರಿಗೆ ಹಾಕಿಕೊಳ್ಳುವ ಆಸೆ ಒಂದು ಕ್ಷಣ ಬಂತು.)

“ಅಂದ್ರೆ ಅಂವ ಗುಳಿಗೆ ನುಂಗಿದ್ದು ಖರೆ ಅಂತ ಇದ್ರಲ್ಲಿ ಬರ್ದದೆ?”

ಇಲ್ಲಿ ಕಥೆಗಾರ ಸುಳ್ಳು ಹೇಳಬಹುದಿತ್ತು. ಟೆಕ್ನಿಷಿಯನ್ ಹೇಳಲಾರ. “ಇಲ್ಲ. ನುಂಗಿದ್ದರೂ ಹೀಗೇ ಆಗುತ್ತಿತ್ತು ಅಂತ ಇದೆ. ಅವನು ನುಂಗಿದ್ದ ಅಂತ ಯಾವ ಕಾಗದವೂ ಹೇಳುವುದಿಲ್ಲ. ಅವನು ಹೇಳಿದ್ದ, ಅಷ್ಟೇ. ನಾನು ಅದನ್ನ ನಂಬಬೇಕಿತ್ತು.”

“ಕಾಗದ ಬರದೇ ಇದ್ದಿದ್ರೆ ಈಗ್ಲೂ ನಂಬ್ತಿರ್ಲಿಲ್ಲ ನೀವು.”

ಸಿಟ್ಟಿನಿಂದ ಹೇಳಲಿಲ್ಲ. ಇವತ್ತು ಮೋಡ ಆಗಿದೆ ಎನ್ನುವ ಹಾಗೆ ಹೇಳಿದಳು.

೭

ಮುಕ್ತಾಯಗಳು, ಬರೆದು ಕೈಬಿಟ್ಟಂಥವು:

ಒಂದರಲ್ಲಿ ಹೀರಾ ನನ್ನನ್ನು ಕ್ಷಮಿಸುತ್ತಾಳೆ. ತುಂಬ ಲೇಖಕರಿಗೆ ಇಂಥ ಹೆಂಗಸರು ಸಿಗುತ್ತಾರೆ. ನನಗೆ ಸಿಗಲಿಲ್ಲ, ನಾನೂ ಕೇಳಲಿಲ್ಲ.

ಇನ್ನೊಂದರಲ್ಲಿ ನಾನು ಆಸ್ಪತ್ರೆಗೆ ಹೋಗಿ ಹಳೇ ರಿಜಿಸ್ಟರು ತೆರೆಸಿ ಆ ಸಾಲು ತಿದ್ದುತ್ತೇನೆ. ನಿಜಕ್ಕೂ ಹೋಗಿದ್ದೆ. ಈಗ ಎಲ್ಲ ಕಂಪ್ಯೂಟರಿನಲ್ಲಿದೆ, ಹಳೆಯವು ಎಲ್ಲಿಗೆ ಹೋದವೋ ಯಾರಿಗೂ ಗೊತ್ತಿಲ್ಲ. ನನ್ನ ಜಾಗದಲ್ಲಿರುವ ಹುಡುಗಿ ಚಹಾ ತರಿಸಿಕೊಟ್ಟಳು.

ಮೂರನೆಯದರಲ್ಲಿ ಶಾಂತಾರಾಮ ಬೇರೆ ಮದ್ದು ತಗೊಂಡು ಹುಷಾರಾಗಿ, ಸದಾಶಿವಗಡದಲ್ಲಿ ಯಾರದೋ ಬೋಟು ಸೇರುತ್ತಾನೆ. ಇದನ್ನು ಓದಲು ಹಾಳೆ ಮತ್ತೆ ಬಿಡಿಸಿದಾಗ ಹೀರಾ, “ಅದ ಓದ್ಬೇಡಿ,” ಎಂದಳು.

೮

ಹೀರಾ ಮೀನಿನ ಬುಟ್ಟಿ ಬದಿಗೆ ಸರಿಸಿ ಹೇಳಿದಳು: “ನಂಗೆ ಹೇಳ್ದದ್ದು ಆಯ್ತು. ವಿನುತಾ ಈಗ ಬತ್ತದೆ. ಅದ್ಕೂ ನೀವೇ ಹೇಳಿ. ನಾ ಹೇಳಿದ್ರೆ ನನ್ನ ಸಮಾಧಾನಕ್ಕೆ ಹೇಳ್ತೆ ಅನ್ಕಣ್ತದೆ.”

ವಿನುತಾ ಅವರ ಮಗಳು. ಅಪ್ಪ ಹೋದಾಗ ಹದಿನೈದು, ಈಗ ಅಂಕೋಲೆಯಲ್ಲಿ ಬಿ.ಕಾಂ. ಓದುತ್ತಾಳೆ. ನಾಲ್ಕು ವರ್ಷದಿಂದ ಯಾರು ಕೇಳಿದರೂ ಅವಳು, ಅಪ್ಪ ಮಾತ್ರೆ ಎಸೆದು ಸತ್ತ ಎಂದೇ ಹೇಳುತ್ತ ಬಂದಿದ್ದಾಳೆ ಎಂದು ಹೀರಾ ಹೇಳಿದಳು. ತಿಥಿಯ ದಿನವೂ ಎಡೆಯ ಮುಂದೆ ಬಂದು ನಿಲ್ಲುವುದಿಲ್ಲವಂತೆ.

ಮೂರೂವರೆಯ ಬಸ್ಸಿಗೆ ಅವಳು ಬಂದಳು. ನನ್ನ ಗುರುತು ಹಿಡಿದಳು, ಮುಖ ಬಿಗಿಯಾಯಿತು. ಹಾಳೆಗಳನ್ನು ಚೀಲದೊಳಗೇ ಬಿಟ್ಟು ಹೇಳಿದೆ. ಜಗಲಿ, ರಿಜಿಸ್ಟರು, ಕಾಗದ, ಎರಡು ವರ್ಷದ ಕಪಾಟು, ಎಲ್ಲ. ನಿಂತೇ ಕೇಳಿದಳು. ಹೆಗಲ ಬ್ಯಾಗು ಇಳಿಸಲಿಲ್ಲ.

“ನೀವು ಅವತ್ತು ನಂಬಿದ್ರೆ ಅಪ್ಪ ಬದುಕ್ತಿದ್ನಾ?”

ಹೌದೆಂದರೆ ನಾನು ಕೊಂದ ಹಾಗೆ. ಇಲ್ಲವೆಂದರೆ ತಪ್ಪಿಸಿಕೊಂಡ ಹಾಗೆ. ಗೊತ್ತಿಲ್ಲ ಎನ್ನುವುದು ನಿಜ, ಆದರೆ ಅದರಷ್ಟು ಅನುಕೂಲದ ಮಾತು ಇನ್ನೊಂದಿಲ್ಲ.

“ಬದುಕುವ ಸಾಧ್ಯತೆ ಹೆಚ್ಚಿತ್ತು,” ಎಂದೆ.

“ಅಂವ ಸಾಯೂ ಮೊದಲು ನನ್ನ ಕರ್ದಿದ್ದ,” ಎಂದಳು ವಿನುತಾ. “ನಾ ಹೋಗ್ಲಿಲ್ಲ.”

ಹೀರಾ ತಲೆ ಎತ್ತಿ ಮಗಳನ್ನು ನೋಡಿದಳು. ಇದು ಅವಳಿಗೂ ಗೊತ್ತಿರಲಿಲ್ಲ.

ವಿನುತಾ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಹೀರಾ ಎದ್ದು ಹಿಂದೆ ಹೋಗುತ್ತಾಳೆಂದುಕೊಂಡೆ, ಹೋಗಲಿಲ್ಲ; ಕೈಯಲ್ಲಿದ್ದ ಮೀನನ್ನು ಯಾವ ಬುಟ್ಟಿಗೆ ಹಾಕಬೇಕೆಂದು ಮರೆತವಳ ಹಾಗೆ ಹಿಡಿದುಕೊಂಡು ಕೂತಳು. ಸಂಪಾದಕರು ಇಲ್ಲಿ ಇನ್ನೊಂದು ಪ್ಯಾರಾ ಬೇಕು ಅನ್ನುತ್ತಾರೆ. ಅದರಲ್ಲಿ ಯಾರಾದರೂ ಯಾರಿಗಾದರೂ ಏನಾದರೂ ಅನ್ನಬೇಕು. ಆದರೆ ಅವರಿಬ್ಬರಲ್ಲಿ ಯಾರೂ ನನಗೆ ‘ಹೋಗಿ’ ಅನ್ನಲಿಲ್ಲ, ‘ಕೂತ್ಕೊಳ್ಳಿ’ ಅಂತಲೂ ಅನ್ನಲಿಲ್ಲ. ಕಾರವಾರದ ಬಸ್ಸು ಹಾರನ್ ಹಾಕಿಕೊಂಡು ತಿರುವಿನಲ್ಲಿ ಬಂದು ನಿಂತಿತು, ಯಾರೋ ಇಳಿದರು, ಮತ್ತೆ ಹೊರಟಿತು. ನಾನು ಕಟ್ಟೆಯ ಮೇಲೆ ಕೂತೇ ಇದ್ದೆ.